ಎರಡನೇ ರಿವ್ಯೂ

29 ಜೂನ್ 2025, ಭಾನುವಾರ

ಕಾನ್ಫರೆನ್ಸಿಗೆ ಕಳಿಸುವ ಪೇಪರ್ ಇನ್ನೂ ಮೂರು ಪುಟ ಹೆಚ್ಚಿದೆ. ಬೆಳಗ್ಗೆಯಿಂದ ಕತ್ತರಿಸುತ್ತಿದ್ದೇನೆ. ನಾನೊಂದು ಪ್ಯಾರಾ ತೆಗೆದರೆ ಸರ್ ಎರಡು ಸೇರಿಸಿ ವಾಪಸ್ ಕಳಿಸುತ್ತಾರೆ. ಇವರು ನನ್ನ ಪಿಎಚ್‌ಡಿ ಗೈಡು. ದಾರಿ ತೋರಿಸುವವರಂತೆ.

ಮಧ್ಯಾಹ್ನ ತೇಜು ಬಂದಳು. ಪ್ರತಿ ಭಾನುವಾರ ಬರುತ್ತಾಳೆ, ಚೆನ್ನೈನ ಆ ತುದಿಯ ಪೆರುಂಗುಡಿಯಿಂದ ಈ ತುದಿಯ ನಮ್ಮ ಪೆರಂಬೂರಿನವರೆಗೆ ಟ್ರೈನ್ ಬದಲಿಸಿ, ಅಮ್ಮನ ಕೈಯ ಊಟಕ್ಕೆ. ಅಮ್ಮನ ತವರು ನಂಜನಗೂಡಿನವಳು, ಅಮ್ಮನ ಗೆಳತಿ ಕಲಾವತಿಯ ಮಗಳು. ಪೆರುಂಗುಡಿಯ ಒಂದು ಕಂಪನಿಗೆ ರಿಸರ್ಚ್ ಫೆಲೋ ಆಗಿ ಬಂದಾಗ "ನಮ್ ವಿನೋದಾನೂ ಅದೇ ಫೀಲ್ಡು, ಹೇಳ್ಕೊಡ್ತಾಳೆ" ಎಂದು ಅಮ್ಮನೇ ಕರೆಸಿಕೊಂಡಳು. ಹೇಳಿಕೊಟ್ಟೆ. ಪೇಪರ್ ಬರೆಯುವುದು ಹೇಗೆ, ಯಾವ ಕಾನ್ಫರೆನ್ಸಿಗೆ ಕಳಿಸಬೇಕು, ರಿಜೆಕ್ಟ್ ಆದರೆ ಅಳದೆ ಇರುವುದು ಹೇಗೆ... ಕೊನೆಯ ಪಾಠ ಅವಳಿಗೆ ಬೇಕಾಗಲಿಲ್ಲ. ಮೊದಲ ಪೇಪರು ಮೊದಲ ಸಲಕ್ಕೇ ಆಕ್ಸೆಪ್ಟ್. ನನ್ನದು ಮೂರು ಸಲ ವಾಪಸ್ ಬಂದಿದೆ. ಐದೂವರೆ ವರ್ಷ ಆಯಿತು. ಒಳ್ಳೆ ಕಡೆ ಒಂದು ಪೇಪರಾದರೂ ಇಲ್ಲದೆ ಥೀಸಿಸ್ ಮುಟ್ಟುವುದಿಲ್ಲ ಎನ್ನುತ್ತಾರೆ ಸರ್.

ಅಮ್ಮ ಪುರಸೈವಾಕ್ಕಂನಿಂದ ಹೊಸ ಮಿಕ್ಸಿ ತಂದಿದ್ದಾಳೆ. ಕೆಂಪು, ಮಿರಮಿರ ಮಿಂಚುತ್ತದೆ. ಅಪ್ಪ ಅದನ್ನು ಸುತ್ತ ತಿರುಗಿಸಿ ನೋಡಿ ತಮ್ಮ ಇಂಗ್ಲಿಷ್ ಡೈಲಾಗ್ ಹೊಡೆದರು.

"ಪೇಂಟ್ ಈಸ್ ಡ್ರೈ. ಬಟ್ ಹ್ಯಾಸ್ ಇಟ್ ರನ್ ಆನ್ ದ ಲೈನ್?"

ಕೋಚ್ ಫ್ಯಾಕ್ಟರಿಯಲ್ಲಿ ಹೊಸ ಬೋಗಿಗಳನ್ನು ತಪಾಸಣೆ ಮಾಡಿ ಸೀಲ್ ಹಾಕುತ್ತಿದ್ದವರು. ಬಣ್ಣ ಒಣಗಿದ್ದು ಸರಿ, ಹಳಿಯ ಮೇಲೆ ಓಡಿಸಿ ನೋಡಿದ್ದೀರಾ ಎಂದು ಕೇಳುವುದು ಅವರ ಕೆಲಸವಾಗಿತ್ತು. ರಿಟೈರಾದ ಮೇಲೆ ಮಿಕ್ಸಿಗೂ ಅದೇ ಪ್ರಶ್ನೆ, ಮಂತ್ರಿಗಳಿಗೂ ಅದೇ, ನನ್ನನ್ನು ನೋಡಲು ಬಂದ ಗಂಡುಗಳಿಗೂ ಅದೇ.

ಊಟಕ್ಕೆ ಕೂತರೆ ಸಂಕ್ರಾಂತಿಯಿಂದ ನಡೆದಿರುವ ಹಳೇ ಜಗಳ.

"ಆಂಟಿ, ಹುಳಿಗೆ ಒಗ್ಗರಣೆ ಕೊನೇಲಿ ಕೊಡ್ಬೇಕು. ನಮ್ ಕಡೆ ಹಂಗೇ," ತೇಜು.

"ನಂಗೊತ್ತಿಲ್ವೇನೇ? ಮೂವತ್ತ್ ವರ್ಷ ಈ ಊರಲ್ಲಿದ್ದು, ಇವ್ರ ಥರಾನೇ ಮೊದ್ಲೇ ತಾಳಿಸಿ ಅಭ್ಯಾಸ ಆಗೋಯ್ತು. ರುಚಿ ನಲ್ಲಾ ಇದೆ ತಾನೇ?" ಅಮ್ಮ.

"ಹೊಟ್ಟೆಗ್ ಹೋದ್ಮೇಲೆ ಎರಡೂ ಒಂದೇ," ಅಪ್ಪ.

ತೇಜು ತುತ್ತು ಕೈಯಲ್ಲಿ ಹಿಡಿದೇ ಕೂತಳು. "ಯಾವಾಗ ಒಂದೇ, ಯಾವಾಗ ಒಂದಲ್ಲ ಅಂಕಲ್?" ಎಂದು ಕೇಳಿ ತನಗೆ ತಾನೇ ನಕ್ಕಳು. ಈ ಸಲದ ಪೇಪರ್ ಏನು ಎಂದು ಕೇಳಿದೆ. "ಸಸ್ಪೆನ್ಸ್ ಅಕ್ಕ. ಕಂಪನಿ ರೂಲ್ಸು," ಅಂದಳು. ನನ್ನಿಂದಲೇ ಅಆಇಈ ಕಲಿತು ನನಗೇ ರೂಲ್ಸು.

ಅವಳು ಹೋದ ಮೇಲೆ ಅಮ್ಮ: "ಆ ಹುಡ್ಗಿ ಬಾಯಲ್ಲಿ ಕನ್ನಡ ಕೇಳೋಕೇ ಚೆಂದ. ನೀನೂ ಇದೀಯ. ಏನ್ ಕೇಳಿದ್ರೂ ತಮಿಳಲ್ಲೇ 'ಸರಿ ಮಾ, ಅಪ್ಪುರಂ ಮಾ'. ಎಲ್ಲಾ ಆಮೇಲೆ."

ಹಿತ್ತಲ ಗಿಡ ಮದ್ದಲ್ಲ. ತಮಿಳು ಸ್ಕೂಲಿಗೆ ಹೋದವಳು ರಜೆಯಲ್ಲೆಲ್ಲ ಅಮ್ಮನ ಪಕ್ಕ ಕೂತು ಕನ್ನಡ ಅಕ್ಷರ ತಿದ್ದಿದ್ದು ಅವಳಿಗೆ ಮರೆತೇ ಹೋಗಿದೆ. ಈ ಕನ್ನಡ ಡೈರಿ ತೋರಿಸಲೂ ಆಗುವುದಿಲ್ಲ.

11 ಜುಲೈ, ಶುಕ್ರವಾರ, ಸಂಜೆ

ಕಳಿಸಿದೆ. ಡೆಡ್‌ಲೈನ್ ನಿನ್ನೆಯದು. ಆದರೆ ಭೂಮಿಯ ಯಾವುದಾದರೂ ಮೂಲೆಯಲ್ಲಿ ನಿನ್ನೆ ಮುಗಿಯದೆ ಉಳಿದಿದ್ದರೆ ಕಳಿಸಬಹುದು ಎಂಬುದು ನಮ್ಮ ಕಾನ್ಫರೆನ್ಸುಗಳ ದೊಡ್ಡತನ. ಚೆನ್ನೈ ಲೆಕ್ಕಕ್ಕೆ ಇವತ್ತು ಸಂಜೆ ಐದೂವರೆ. ಕೊನೆಯ ಗಳಿಗೆಯಲ್ಲಿ ಒಂದು ಚಿತ್ರ ಮಾಯವಾಗಿ, ಮತ್ತೆ ಸಿಕ್ಕಿ... ಬಿಡು. ಹೋಯಿತು.

ವಿಷಯ ಹಳೆಯದೇ. ಪ್ರೋಗ್ರಾಮಿನಲ್ಲಿ ತಪ್ಪು ಮೂರನೇ ಸಾಲಿನಲ್ಲಿದ್ದರೆ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ನಲವತ್ತನೇ ಸಾಲನ್ನು ಬೈಯುತ್ತದೆ. ತಪ್ಪು ಹುಟ್ಟಿದ ಜಾಗವನ್ನೇ ತೋರಿಸುವ ಉಪಾಯ ನನ್ನದು. ನಾಲ್ಕನೇ ಸಲ ಹೊಸ ಹೆಸರಿಟ್ಟು ಕಳಿಸಿದ್ದೇನೆ.

ಪೇಪರಿನ ಮೇಲೆ ನನ್ನ ಹೆಸರಿಲ್ಲ. ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಹಾಗಾಗಿ ಕೊನೆಯಲ್ಲೊಂದು ಖಾಲಿ ಪೆಟ್ಟಿಗೆ: ನಿಮ್ಮ ಪೇಪರನ್ನು ಯಾರು ನೋಡಬಾರದು, ಬಂಧುಗಳೋ ಸ್ನೇಹಿತರೋ ಜೊತೆಗೆ ಕೆಲಸ ಮಾಡಿದವರೋ, ಹೆಸರು ಮತ್ತು ಕಾರಣ ಬರೆಯಿರಿ. ಕಾನ್ಫ್ಲಿಕ್ಟ್ ಅಂತಾರೆ. ಲ್ಯಾಬಿನವರನ್ನೆಲ್ಲ ಹಾಕಿದೆ. ತೇಜು? ಅವಳು ನನಗೇನಾಗಬೇಕು. ಬಿಟ್ಟೆ.

ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಪುಟ ತಿರುಗಿಸಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಪೇಂಟ್ ಈಸ್ ಡ್ರೈ," ಅಂದರು. ಮುಂದಿನದು ಹೇಳಲಿಲ್ಲ. ತಲೆ ಸವರಿ ಕಾಫಿ ಕುಡಿಯಲು ಹೋದರು.

4 ಆಗಸ್ಟ್, ಸೋಮವಾರ

ನಾನು ಕಳಿಸಿದ ಕಾನ್ಫರೆನ್ಸಿಗೆ ಪೇಪರ್ ಆರಿಸುವ ಕಮಿಟಿಯಲ್ಲಿ ಸರ್ ಕೂಡ ಇದ್ದಾರೆ. ತಮ್ಮ ಪಾಲಿಗೆ ಬಂದ ಪೇಪರುಗಳಲ್ಲಿ ಎರಡನ್ನು ನನ್ನ ಕಡೆ ತಳ್ಳಿದರು, ಓದಿ ಬೇಗ ರಿವ್ಯೂ ಬರಿ ಅಂತ. "ಸೀಕ್ರಂ ಮಾ. ಕಾನ್ಫ್ಲಿಕ್ಟ್ ಇದ್ದರೆ ಈಗಲೇ ಹೇಳು," ಎಂದು ಇಂಗ್ಲಿಷಿನಲ್ಲಿ ಸೇರಿಸಿದರು. ನನ್ನ ಪೇಪರ್ ಇನ್ಯಾರದೋ ಕೈಯಲ್ಲಿ, ಇನ್ಯಾರದೋ ಪೇಪರ್ ನನ್ನ ಕೈಯಲ್ಲಿ.

ಮೊದಲನೆಯದು ಸಪ್ಪೆ. ಎರಡನೆಯದನ್ನು ತೆರೆದೆ. ಒಂದು ಪ್ರೋಗ್ರಾಮಿನ ಎರಡು ಹೆಜ್ಜೆಗಳನ್ನು ಹಿಂದುಮುಂದು ಮಾಡಿದರೂ ಫಲಿತಾಂಶ ಒಂದೇ ಎಂದು ಯಾವಾಗ ಖಚಿತವಾಗಿ ಹೇಳಬಹುದು? ಒಳ್ಳೆ ಪ್ರಶ್ನೆ ಅಂದುಕೊಂಡು ಪುಟ ತಿರುಗಿಸಿದೆ. ಉದಾಹರಣೆಯ ಪ್ರೋಗ್ರಾಮು. ಮೊದಲ ಹೆಜ್ಜೆಯ, ಅಂದರೆ ಫಂಕ್ಷನ್ನಿನ, ಹೆಸರು ಬೇಯಿಸು. ಎರಡನೆಯದರ ಹೆಸರು ಒಗ್ಗರಣೆ.

ಇಂಗ್ಲಿಷ್ ಅಕ್ಷರ, ಆದರೆ ಒಗ್ಗರಣೆಯೇ. ಬೇರೆ ಯಾವ ದೇಶದ ರಿವ್ಯೂವರ್‌ಗೂ ಅದು ಯಾವುದೋ ಒಂದು ಹೆಸರು.

ಎದ್ದು ಹೋಗಿ ನೀರು ಕುಡಿದು ಬಂದೆ. ಮತ್ತೆ ಓದಿದೆ. ಚೆನ್ನಾಗಿದೆ. ಹಾಳಾದದ್ದು, ತುಂಬ ಚೆನ್ನಾಗಿದೆ. ಹುಳಿ ನಮ್ಮದು. ಜಗಳ ನಮ್ಮದು. "ಎರಡೂ ಒಂದೇ" ಅಂದದ್ದು ನಮ್ಮಪ್ಪ. ಹುಟ್ಟಿದಾಗಿನಿಂದ ಆ ಅಡುಗೆಮನೆಯಲ್ಲಿ ಉಂಡವಳು ನಾನು. ಹೊಳೆದದ್ದು ಮಾತ್ರ ವಾರಕ್ಕೊಮ್ಮೆ ಬಂದು ಹೋಗುವವಳಿಗೆ.

ಹೊಟ್ಟೆ ಉರಿಯುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಅನ್ನುತ್ತಾರೆ. ಆಗುತ್ತಿಲ್ಲ.

ಸರ್‌ಗೆ ಮೇಲ್ ಹಾಕಬೇಕು. "ಇದು ಯಾರದೆಂದು ಗೊತ್ತು, ನಾನು ಓದುವುದು ಸರಿಯಲ್ಲ." ಎರಡೇ ಸಾಲು. ನಾಳೆ.

5 ಆಗಸ್ಟ್

ಮೇಲ್ ಹಾಕಲಿಲ್ಲ. ಗೊತ್ತು ಅಂತ ಹೇಗೆ ಹೇಳುವುದು? ಕನ್ನಡ ಬರುವವರು ಪ್ರಪಂಚದಲ್ಲಿ ಅವಳೊಬ್ಬಳೇನಾ?

ಅವಳೇ. ಗೊತ್ತು.

12 ಆಗಸ್ಟ್, ಮಂಗಳವಾರ

ಭಾನುವಾರ ತೇಜು ಅಮ್ಮನನ್ನು "ಆಂಟಿ" ಬಿಟ್ಟು "ಅಮ್ಮ" ಅಂದಳು. ಅಮ್ಮನಿಗೆ ಆದ ಸಂತೋಷ ನೋಡಬೇಕಿತ್ತು. ಕೊಬ್ಬರಿ ಮಿಠಾಯಿಯ ದೊಡ್ಡ ತುಂಡು ಅವಳಿಗೆ. ಕೈ ತೊಳೆಯುವಾಗ ಅವಳು ಮೆಲ್ಲಗೆ ಹೇಳಿದಳು: "ಈ ಪೇಪರ್ ಆದ್ರೆ ಫೆಲೋಶಿಪ್ ಇನ್ನೊಂದ್ ವರ್ಷ ಮುಂದುವರಿಯತ್ತೆ ಅಕ್ಕ. ಇಲ್ಲಾಂದ್ರೆ ಡಿಸೆಂಬರ್‌ಗೆ ಮುಗೀತು. ಭಯ ಆಗ್ತಿದೆ." ಬೆನ್ನು ತಟ್ಟಿದೆ. ಆಗತ್ತೆ ಬಿಡು ಅಂದೆ.

ಇವತ್ತು ರಿವ್ಯೂ ಬರೆದೆ.

ಮೊದಲ ಓದಿಗೆ ಮನಸ್ಸಿನಲ್ಲಿ ಬಿದ್ದ ಅಂಕ ಆಕ್ಸೆಪ್ಟ್. ಕುಂದು ಇಲ್ಲದೆ ಇಲ್ಲ. ಪರೀಕ್ಷೆ ಮಾಡಿದ್ದೆಲ್ಲ ಪುಟ್ಟ ಪುಟ್ಟ ಪ್ರೋಗ್ರಾಮು. ದೊಡ್ಡವುಗಳ ಮೇಲೆ ಓಡಿಸಿ ಸೇರಿಸಿ ಅಂದರೆ ಸಾಕಿತ್ತು. ಬೇರೆ ಯಾರ ಪೇಪರಾದರೂ ಹಾಗೇ ಬರೆಯುತ್ತಿದ್ದೆ. ಆ ಒಂದು ಕುಂದನ್ನೇ ಹಿಡಿದು ಎಳೆದೆ. ಎಳೆದಷ್ಟೂ ಬಂತು. ಎರಡು ಪುಟ. ಉದಾಹರಣೆ "ಬಾಲಿಶ" ಅಂತಲೂ ಬರೆದೆ. ನಮ್ಮ ಮನೆ ಹುಳಿ!

ಕೊನೆಗೊಂದು ವಾಕ್ಯ ತಾನಾಗಿ ಬಂತು. ಎಲ್ಲಿಂದ ಬಂತೋ. ಚಿಕ್ಕದು, ಚುರುಕ್ ಅನ್ನುವಂಥದ್ದು. ಓದಿ ನನಗೇ ಖುಷಿಯಾಯಿತು.

ಅಂಕದ ಜಾಗದಲ್ಲಿ ರಿಜೆಕ್ಟ್ ಒತ್ತಿದೆ. ಸರ್ ಸಂಜೆ ನೋಡಿ "ಶಾರ್ಪ್" ಅಂದರು. ಐದೂವರೆ ವರ್ಷದಲ್ಲಿ ನನ್ನ ಬರವಣಿಗೆಗೆ ಸಿಕ್ಕ ಮೊದಲ ಹೊಗಳಿಕೆ.

6 ಅಕ್ಟೋಬರ್, ಸೋಮವಾರ

ಆಕ್ಸೆಪ್ಟ್!

ಬೆಳಗ್ಗೆ ಟ್ರೈನಿನಲ್ಲಿ ನಿಂತಿದ್ದಾಗ ಮೇಲ್ ಬಂತು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿಗೆ ಹೇಳಿಬಿಟ್ಟೆ. ಏನೆಂದು ತಿಳಿಯದಿದ್ದರೂ ಒಂದು ಮೊಳ ಮಲ್ಲಿಗೆ ಕಿತ್ತು ಕೊಟ್ಟಳು. ಸರ್ ಕೈ ಕುಲುಕಿದರು. "ಈಗ ಥೀಸಿಸ್ ಬರಿ," ಅಂದರು. ಫೋನಿನಲ್ಲಿ ಅಪ್ಪ ಮೂಗೆಳೆದುಕೊಂಡದ್ದು ಕೇಳಿಸಿತು.

ಮಧ್ಯಾಹ್ನ ತೇಜು ಮೆಸೇಜು. "ಕಂಗ್ರಾಟ್ಸ್ ಅಕ್ಕಾ!! ನಂದು ಹೋಯ್ತು. ಪರವಾಗಿಲ್ಲ. ಭಾನುವಾರ ಬರ್ತೀನಿ, ಒಬ್ಬಟ್ಟು ಮಾಡ್ಸಿ."

ಪರವಾಗಿಲ್ಲ ಅಂತೆ. ಅಳಬಾರದಿತ್ತಾ? ಬಿದ್ದಾಗಲೂ ನನಗಿಂತ ಚೆನ್ನಾಗಿ ಬೀಳಬೇಕಾ ಇವಳು?

ಸಂಜೆ ಅಮ್ಮ ಬಾಗಿಲು ತೆರೆದು ಮೊದಲು ಕೇಳಿದ್ದು: "ಪಾಪ, ಆ ಮಗೂದು ಆಗ್ಲಿಲ್ವಂತಲ್ಲೇ?"

12 ಅಕ್ಟೋಬರ್, ಭಾನುವಾರ

ಆದದ್ದು ಆದ ಹಾಗೆ ಬರೆಯುತ್ತೇನೆ.

ಒಬ್ಬಟ್ಟು, ಹುಳಿ, ಕೋಸಂಬರಿ. ಎಲ್ಲರೂ ಕೂತಿದ್ದೆವು. ತೇಜು ನನಗೆ ಪೆನ್ನು ತಂದಿದ್ದಳು, ಥೀಸಿಸ್‌ಗೆ ಸೈನ್ ಹಾಕಲು. ಅಮ್ಮ ಅವಳ ಎಲೆಗೆ ತುಪ್ಪ ಸುರಿಯುತ್ತಾ "ಯಾವನೇ ಅವ್ನು ಬೇಡ ಅಂದೋನು? ಏನ್ ಬರ್ದವ್ನೆ?" ಅಂದಳು.

ತೇಜು ನಕ್ಕು ಎಡಗೈಯಲ್ಲಿ ಫೋನ್ ತೆಗೆದಳು. "ಮೂರ್ ರಿವ್ಯೂ ಅಮ್ಮ. ಒಂದು, ಮೂರು ಒಳ್ಳೇದೇ. ಎರಡನೇದು ಕಡಿದು ಹಾಕಿದೆ. ಕೊನೇ ಸಾಲ್ ಕೇಳಿ ಅಂಕಲ್, ನಿಮಗೆ ಇಷ್ಟ ಆಗತ್ತೆ." ಓದಿದಳು.

"ದ ಪೇಂಟ್ ಈಸ್ ಡ್ರೈ. ಬಟ್ ಹ್ಯಾಸ್ ಇಟ್ ರನ್ ಆನ್ ದ ಲೈನ್?"

ಅಲ್ಲಿಯವರೆಗೆ, ದೇವರಾಣೆ, ನನಗೆ ಹೊಳೆದಿರಲಿಲ್ಲ. ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು. ನನ್ನದೇ ಅಂದುಕೊಂಡು ಬರೆದಿದ್ದೆ. ಅವಳ ಒಗ್ಗರಣೆಯನ್ನು ನಾನು ಹಿಡಿದೆ. ನನ್ನ ಬೆನ್ನಿಗೆ ಅಪ್ಪನ ಮಾತು ಅಂಟಿಕೊಂಡಿರುವುದು ಕಾಣಲಿಲ್ಲ.

ಅಪ್ಪನ ಕೈ ಎಲೆಯ ಮೇಲೆ ನಿಂತಿತು.

"ಅಯ್ಯೋ! ನಿಮ್ ಮಾತಲ್ವೇನ್ರೀ ಅದು? ಎಲ್ಲಿಂದ ಕದ್ದ ಅವ್ನು?" ಅಮ್ಮ ಜೋರಾಗಿ ನಕ್ಕಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಲೋಟ ಉರುಳಿಸಿದೆ. ನೀರು ಅಪ್ಪನ ಎಲೆಯವರೆಗೆ ಹರಿಯಿತು. ಅಪ್ಪ ನೀರು ನೋಡಲಿಲ್ಲ. ನನ್ನನ್ನು ನೋಡಿದರು. ಅವರಿಗೆ ರಿವ್ಯೂ ಏನೆಂದು ಗೊತ್ತು, ಸರ್ ನನಗೆ ಪೇಪರ್ ಕೊಡುವುದೂ ಗೊತ್ತು, ನಾನೇ ಹೇಳಿದ್ದೆ.

ಆಮೇಲೆ ನಿಧಾನವಾಗಿ ಅಂದರು: "ರೈಲ್ವೇಲಿ ಎಲ್ರೂ ಹೇಳೋ ಮಾತದು. ನಂದೇನಲ್ಲ. ಯಾರೋ ರೈಲ್ವೇ ಕಡೆಯೋರ್ ಇರ್ಬೇಕು."

ತೇಜು "ಹೌದಾ ಅಂಕಲ್?" ಅಂದಳು. ಫೋನ್ ಆರಿಸಿ ಒಬ್ಬಟ್ಟು ಮುರಿದಳು. ಅವಳಿಗೆ ಗೊತ್ತೋ ಇಲ್ಲವೋ. ಮುಖ ನೋಡುವ ಧೈರ್ಯ ಬರಲಿಲ್ಲ.

20 ಅಕ್ಟೋಬರ್, ದೀಪಾವಳಿ

ಅಪ್ಪ ನನ್ನೊಡನೆ ಬೇಕಾದಷ್ಟೇ ಮಾತು. ಕೆಳಗಿನ ಮನೆಯ ಸಂತೋಷ್ ಹೊಸ ಸ್ಕೂಟರ್ ತಂದು, ಪೂಜೆ ಮಾಡಿಸಿ, ಅಂಕಲ್ ನೋಡಿ ಎಂದು ಕರೆದ. ಎಲ್ಲರೂ ಆ ಡೈಲಾಗಿಗೆ ಕಾದು ನಿಂತರು. ಅಪ್ಪ "ಚೆನ್ನಾಗಿದೆ ಪಾ" ಎಂದಷ್ಟೇ ಹೇಳಿ ಮೇಲೆ ಬಂದರು.

ತೇಜು ಊರಿಗೆ ಹೋಗಿಲ್ಲ. ಆಫೀಸಿನಲ್ಲಿ ಕೂತು ದೊಡ್ಡ ದೊಡ್ಡ ಪ್ರೋಗ್ರಾಮುಗಳ ಮೇಲೆ ತನ್ನದನ್ನು ಓಡಿಸುತ್ತಿದ್ದಾಳಂತೆ. ನವೆಂಬರಿನಲ್ಲಿ ಇನ್ನೊಂದು ಕಾನ್ಫರೆನ್ಸಿದೆ. ಅಮ್ಮ ಡಬ್ಬಿಯಲ್ಲಿ ಚಕ್ಕುಲಿ ಕಳಿಸಿದಳು. ಡಬ್ಬಿ ಒಯ್ದದ್ದು ನಾನೇ. ಗೇಟಿನಲ್ಲೇ ಕೊಟ್ಟು ಬಂದೆ. ಹೇಳಲು ಬಾಯಿ ತೆರೆದದ್ದು ನಿಜ. "ಚೆನ್ನಾಗಿ ಊಟ ಮಾಡು" ಅಂತ ಬಂತು.

2 ನವೆಂಬರ್, ಭಾನುವಾರ

ಅಮ್ಮ ಸಂತೆಗೆ ಹೋಗಿದ್ದಳು. ಅಪ್ಪ ಬಟ್ಟೆ ಮಡಿಸುತ್ತಿದ್ದರು. ನಾನೂ ಒಂದು ಟವಲ್ ಎತ್ತಿಕೊಂಡೆ.

"ಅಪ್ಪಾ, ಅವಳ ಪೇಪರ್‌ನಲ್ಲಿ ಆ ಕುಂದು ಇದ್ದದ್ದು ನಿಜ," ಅಂದೆ. ತಮಿಳಿನಲ್ಲಿ. ಭಯವಾದರೆ ತಮಿಳೇ ಬರುತ್ತದೆ.

"ಇರ್ಬೋದು."

"ನಾನು ಸುಳ್ಳು ಬರೆಯಲಿಲ್ಲ."

"ಅಷ್ಟೇ ಕುಂದು ನಿನ್ ಪೇಪರ್‌ನಲ್ಲಿ ಇದ್ದಿದ್ರೆ ಏನ್ ಬರೀತಿದ್ದೆ?"

ಟವಲ್ ಮಡಿಸಿದೆ. ಬಿಚ್ಚಿ ಮತ್ತೆ ಮಡಿಸಿದೆ.

"ಸರ್ವೀಸ್‌ನಲ್ಲಿ ಒಂದ್ ಬೋಗಿಗೂ ನಾನು ಸುಳ್ಳು ಸೀಲ್ ಹಾಕ್ಲಿಲ್ಲ ಕಣಮ್ಮ. ದೊಡ್ಡ ಸಾಹೇಬ್ರು ಹೇಳಿದ್ರೂ ಹಾಕ್ಲಿಲ್ಲ," ಅಂದರು. "ಆವತ್ತು ಊಟದ್ ಎಲೆ ಮುಂದೆ ಹಾಕ್ದೆ."

ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಳುವಾಗಲೂ ಒಂದು ಯೋಚನೆ ಬಂತು, ನಾಚಿಕೆ ಬಿಟ್ಟು ಬರೆಯುತ್ತೇನೆ: ಇದೂ ಅವಳಿಂದಲೇ. ಅವಳು ಬರದಿದ್ದರೆ ಅಪ್ಪ ನನಗೆ ಪೂರ್ತಿ ನನ್ನವರಾಗಿ ಇರುತ್ತಿದ್ದರು.

16 ನವೆಂಬರ್, ಭಾನುವಾರ, ಸಂಜೆ 4

ತೇಜು ಬೆಳಗ್ಗೆಯಿಂದ ಇಲ್ಲೇ. ಪೀಜಿಯಲ್ಲಿ ನೆಟ್ ಇಲ್ಲವಂತೆ. ಡೆಡ್‌ಲೈನ್ ಇವತ್ತು ಐದೂವರೆ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ಅಮ್ಮ ಕಾಲು ಗಂಟೆಗೊಮ್ಮೆ ಬಂದು "ಅದಕ್ ಮುಂಚೆ ಒತ್ತಿಬಿಡೇ ಮಗಳೇ, ಖಂಡಿತಾ, ಕಂಡಿಪ್ಪಾ," ಅನ್ನುತ್ತಾಳೆ. ಮಗಳೇ. ಇರಲಿ.

ಪೇಪರ್ ಪೂರ್ತಿ ಓದಿಕೊಟ್ಟೆ. ಈ ಸಲ ದೊಡ್ಡ ಪ್ರೋಗ್ರಾಮುಗಳ ಮೇಲೆ ಓಡಿಸಿದ್ದಾಳೆ, ಎರಡು ಕಡೆ ತನ್ನದೇ ತಪ್ಪು ಹಿಡಿದು ತಿದ್ದಿದ್ದಾಳೆ. ಮೊದಲಿಗಿಂತ ಗಟ್ಟಿ. ಓದುವಾಗ ಹೊಟ್ಟೆಯಲ್ಲಿ ಅದೇ ಹಳೇ ಉರಿ, ಹೋಗಿಲ್ಲ. ಆದರೂ ಎರಡು ಕಾಗುಣಿತದ ತಪ್ಪು ಕಂಡಾಗ ಬಾಯಿ ಬಿಟ್ಟು ಹೇಳಿದೆ. ಒಂದನ್ನು ಹೇಳದೆ ಬಿಡಲು ಮನಸ್ಸಾಗಿತ್ತು.

ಒಗ್ಗರಣೆ ಈಗಲೂ ಇದೆ. ಬದಲಿಸಬಾರದಾ, ಯಾರಿಗಾದರೂ ಗುರುತು ಸಿಕ್ಕರೆ, ಅಂದೆ. "ಸಿಕ್ಲಿ ಅಕ್ಕ," ಅಂದಳು.

ಎಲ್ಲ ತುಂಬಿಸಿ ಕೊನೆಯ ಪೆಟ್ಟಿಗೆಗೆ ಬಂದಳು. ಯಾರು ನೋಡಬಾರದು. ಟೈಪ್ ಮಾಡಿದಳು. ನನ್ನ ಹೆಸರು, ಇನಿಶಿಯಲ್ ಸಮೇತ.

"ಹೋದ್ಸಲ ಹಾಕೋದ್ ಮರ್ತೆ ಅಕ್ಕ. ಕಾರಣ ಅಂತ ಒಂದ್ ಕಾಲಂ ಇದೆ. ಏನ್ ಬರೀಲಿ?"

ಸ್ಕ್ರೀನ್ ಬಿಟ್ಟು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಕಾಯುತ್ತಿದ್ದಳು ಅಷ್ಟೇ. ಎಂದಿನಿಂದ ಕಾಯುತ್ತಿದ್ದಾಳೋ. ಎಲೆಯ ಮುಂದೆ ಆ ಸಾಲನ್ನು ಜೋರಾಗಿ ಓದಿದ ದಿನದಿಂದಲೇ ಇರಬೇಕು. ಅಪ್ಪನಿಗೆ ಇಷ್ಟ ಆಗತ್ತೆ ಅಂತ ಓದಿದ್ದಲ್ಲ ಅದು.

ಚಾರ್ಜರ್ ತರುತ್ತೇನೆ ಎಂದು ರೂಮಿಗೆ ಬಂದೆ. ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಏನಂತ ಹೇಳಲಿ. ಅಕ್ಕ ಅಂತ ಬರಿ ಎಂದರೆ ಅದೂ ನಿಜ. ಎರಡನೇ ರಿವ್ಯೂ ನನ್ನದು ಎಂದರೆ ಅದೂ ನಿಜ. ಮೊದಲು ಯಾವುದು? ಯಾವುದು ಮೊದಲು ಹೇಳಿದರೂ ಒಂದೇನಾ? ಮೊದಲು ಅಕ್ಕ ಅಂದುಬಿಟ್ಟರೆ ಆಮೇಲಿನದು ಹೇಳಲು ಆಗುವುದೇ ಇಲ್ಲ. ಮೊದಲು ಅದನ್ನೇ ಹೇಳಬೇಕು. ಹೇಳಿದ ಮೇಲೂ ಅವಳು ಅಕ್ಕ ಅಂದರೆ...

ಅಮ್ಮ ಕೂಗುತ್ತಿದ್ದಾಳೆ, ನಾಲ್ಕೂಕಾಲಾಯ್ತು ಅಂತ.

ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ. ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. ತಿಂಗಳಾಗಿತ್ತು ಆ ಮಾತು ಕೇಳಿ.

"ಪೇಂಟ್ ಈಸ್ ಡ್ರೈ," ಅಂದರು. "ಏಳು."

ಏಳುತ್ತಿದ್ದೇನೆ.